ಡಿನೊ ಜೋಫ್

ಡಿನೊ ಜೋಫ್ (ಜನನ: ಫೆಬ್ರವರಿ 28, 1942) ಇಟಲಿಯ ಮಾಜಿ ಫುಟ್‌ಬಾಲ್ ಗೋಲ್‌ಕೀಪರ್ ಮತ್ತು ತರಬೇತುದಾರರು. ಆಟಗಾರರಾಗಿ ಅವರು 1968ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದ ಇಟಲಿ ತಂಡದಲ್ಲಿದ್ದರು. 1982ರಲ್ಲಿ ವಿಶ್ವಕಪ್ ಗೆದ್ದ ತಂಡದ ನಾಯಕರಾಗಿದ್ದರು. ಆ ಕಪ್ ಎತ್ತಿದ ದಿನ ಅವರಿಗೆ 40 ವರ್ಷ 133 ದಿನ ವಯಸ್ಸಾಗಿತ್ತು. ವಿಶ್ವಕಪ್ ಗೆದ್ದ ಅತ್ಯಂತ ಹಿರಿಯ ಆಟಗಾರರೆಂಬ ದಾಖಲೆ ಅವರದು. 1998ರಿಂದ 2000ದವರೆಗೆ ಇಟಲಿ ರಾಷ್ಟ್ರೀಯ ತಂಡದ ತರಬೇತುದಾರರಾಗಿ ಅದನ್ನು ಯುರೋ 2000ರ ಅಂತಿಮ ಪಂದ್ಯಕ್ಕೆ ಕೊಂಡೊಯ್ದರು. ಪ್ರಶಸ್ತಿ ಕೈಗೆಟುಕಲು ಒಂದು ನಿಮಿಷವೂ ಉಳಿದಿರದಿದ್ದಾಗ ಅದು ಕೈತಪ್ಪಿತು. ಎರಡು ದಿನಗಳ ನಂತರ ಅವರು ಹುದ್ದೆಗೆ ರಾಜೀನಾಮೆ ನೀಡಿದರು.

ಮಿತಭಾಷಿಯೆಂದು ಹೆಸರಾದ ಜೋಫ್ ತಮ್ಮ ವೃತ್ತಿಜೀವನದಲ್ಲಿ ಎರಡು ಬಾರಿ ದೇಶವ್ಯಾಪಿ ಟೀಕೆಗೆ ಗುರಿಯಾದರು. ಮೊದಲನೆಯದು 1978ರಲ್ಲಿ, ಗೋಲ್‌ಕೀಪರ್ ಆಗಿದ್ದಾಗ. ಎರಡನೆಯದು 2000ದಲ್ಲಿ, ತರಬೇತುದಾರರಾಗಿದ್ದಾಗ. ಮೊದಲನೆಯದಕ್ಕೆ ಉತ್ತರಿಸಲು ಅವರಿಗೆ ನಾಲ್ಕು ವರ್ಷಗಳ ಕಾಲಾವಕಾಶ ದೊರೆಯಿತು. ಎರಡನೆಯದರಲ್ಲಿ ಅವರು ಅಂಥ ಅವಕಾಶಕ್ಕೆ ಕಾಯಲಿಲ್ಲ.

ಬಾಲ್ಯ ಮತ್ತು ಆರಂಭಿಕ ವೃತ್ತಿ

ಜೋಫ್ ಜನಿಸಿದ್ದು ಇಟಲಿಯ ಈಶಾನ್ಯ ಗಡಿಭಾಗದ ಫ್ರಿಯೂಲಿ ಪ್ರಾಂತದ ಮರಿಯಾನೊ ದೆಲ್ ಫ್ರಿಯೂಲಿ ಎಂಬ ಗ್ರಾಮದಲ್ಲಿ, ಕೃಷಿಕ ಕುಟುಂಬದಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಇಂಟರ್ ಮಿಲಾನ್ ಮತ್ತು ಯುವೆಂಟಸ್ ಕ್ಲಬ್‌ಗಳ ಆಯ್ಕೆ ಪರೀಕ್ಷೆಗೆ ಹೋದ ಅವರನ್ನು ಎತ್ತರ ಸಾಲದೆಂಬ ಕಾರಣಕ್ಕೆ ಎರಡೂ ಕ್ಲಬ್‌ಗಳು ತಿರಸ್ಕರಿಸಿದವು. ಮೊಮ್ಮಗ ಬೆಳೆಯಲೆಂದು ಅಜ್ಜಿ ಅಡಿಲೈಡ್ ದಿನಕ್ಕೆ ಎಂಟು ಮೊಟ್ಟೆ ತಿನ್ನಿಸುತ್ತಿದ್ದರೆಂಬುದು ಇಟಲಿಯಲ್ಲಿ ಮನೆಮಾತಾದ ಕಥೆ. ಮೊಟ್ಟೆಗಳ ಪಾಲು ಎಷ್ಟೋ, ಪ್ರಾಯದ ಪಾಲು ಎಷ್ಟೋ, ಮುಂದಿನ ವರ್ಷಗಳಲ್ಲಿ ಹುಡುಗ ಮೂವತ್ತು ಸೆಂಟಿಮೀಟರಿಗೂ ಹೆಚ್ಚು ಬೆಳೆದ. ಆಟವನ್ನೇ ನಂಬಿ ಕೂರಬಾರದೆಂಬುದು ತಂದೆಯ ಅಭಿಪ್ರಾಯವಾಗಿದ್ದುದರಿಂದ ಜೋಫ್ ಮೋಟಾರು ಮೆಕ್ಯಾನಿಕ್ ಕೆಲಸವನ್ನೂ ಕಲಿತರು.

ಊರಿನ ಮರಿಯಾನೀಸೆ ತಂಡದಿಂದ ಅವರು ಉದಿನೀಸೆ ಕ್ಲಬ್ ಸೇರಿದರು. ಇಟಲಿಯ ಅಗ್ರ ಲೀಗ್ ಆದ ಸೀರಿ ಎ ಯಲ್ಲಿ ಅವರ ಮೊದಲ ಪಂದ್ಯ ನಡೆದದ್ದು ಸೆಪ್ಟೆಂಬರ್ 24, 1961ರಂದು, ಫಿಯೊರೆಂಟೀನಾ ವಿರುದ್ಧ. ಆ ದಿನ ಐದು ಗೋಲುಗಳು ಅವರ ಬಲೆ ಸೇರಿದವು. ಉದಿನೀಸೆ 5–2ರಿಂದ ಸೋತಿತು. ಋತುವಿನ ಕೊನೆಯಲ್ಲಿ ತಂಡ ಕೆಳ ದರ್ಜೆಗೆ ಇಳಿಯಿತು. 1963ರಲ್ಲಿ ಮಾಂಟೋವಾ ಕ್ಲಬ್‌ಗೆ ಹೋದ ಜೋಫ್ ಅಲ್ಲಿ ನಾಲ್ಕು ಋತುಗಳಲ್ಲಿ ದೇಶದ ಗಮನ ಸೆಳೆದರು. 1967ರಲ್ಲಿ ನಾಪೋಲಿ ಅವರನ್ನು ಖರೀದಿಸಿತು.

ಯುವೆಂಟಸ್ ವರ್ಷಗಳು

ಎತ್ತರ ಸಾಲದೆಂದು ಹುಡುಗನನ್ನು ಹಿಂದಕ್ಕೆ ಕಳುಹಿಸಿದ್ದ ಯುವೆಂಟಸ್ 1972ರಲ್ಲಿ ಮೂವತ್ತು ವರ್ಷದ ಜೋಫ್‌ರನ್ನು ಬರಮಾಡಿಕೊಂಡಿತು. ಅನೇಕ ಆಟಗಾರರು ನಿವೃತ್ತಿಯ ಯೋಚನೆ ಆರಂಭಿಸುವ ವಯಸ್ಸಿನಲ್ಲಿ ಅವರ ಶ್ರೇಷ್ಠ ಅವಧಿ ಆರಂಭವಾಯಿತು. 1972ರಿಂದ 1983ರವರೆಗಿನ ಹನ್ನೊಂದು ಋತುಗಳಲ್ಲಿ ಕ್ಲಬ್ ಆಡಿದ ಲೀಗ್ ಪಂದ್ಯಗಳು ಒಟ್ಟು 330. ಆ ಮುನ್ನೂರ ಮೂವತ್ತರಲ್ಲಿಯೂ ಜೋಫ್ ಆಡಿದರು. ಗಾಯವಾಗಲಿ, ಅಮಾನತಾಗಲಿ, ಲಯ ಕಳೆದುಕೊಂಡದ್ದಾಗಲಿ ಅವರನ್ನು ಒಂದು ಪಂದ್ಯದಿಂದಲೂ ಹೊರಗಿಡಲಿಲ್ಲ. ಈ ಅವಧಿಯಲ್ಲಿ ಯುವೆಂಟಸ್‌ನ ಎರಡನೆಯ ಗೋಲ್‌ಕೀಪರ್ ಆಗಿದ್ದವರ ಪಾಡನ್ನು ಓದುಗರು ಊಹಿಸಿಕೊಳ್ಳಬಹುದು.

ಆ ವರ್ಷಗಳಲ್ಲಿ ತಂಡ ಆರು ಬಾರಿ ಲೀಗ್ ಪ್ರಶಸ್ತಿ (1973, 1975, 1977, 1978, 1981, 1982), ಎರಡು ಬಾರಿ ಇಟಲಿ ಕಪ್ (1979, 1983) ಮತ್ತು 1977ರಲ್ಲಿ ಯುಇಎಫ್‌ಎ ಕಪ್ ಗೆದ್ದಿತು. 1972–73ರ ಋತುವಿನಲ್ಲಿ ಜೋಫ್ ಸತತ 903 ನಿಮಿಷಗಳ ಕಾಲ ಗೋಲು ಬಿಟ್ಟುಕೊಡದೆ ನಿರ್ಮಿಸಿದ ಲೀಗ್ ದಾಖಲೆ ಇಪ್ಪತ್ತು ವರ್ಷ ಉಳಿಯಿತು. 1973ರ ಬ್ಯಾಲನ್ ಡಿ'ಓರ್ ಮತದಾನದಲ್ಲಿ ಅವರು ಯೋಹಾನ್ ಕ್ರೈಫ್‌ ನಂತರ ಎರಡನೆಯ ಸ್ಥಾನ ಪಡೆದರು. ಗೋಲ್‌ಕೀಪರ್‌ಗಳಿಗೆ ಅಪರೂಪಕ್ಕೆ ದೊರೆಯುವ ಮನ್ನಣೆಯಿದು. ಅವರಿಗೆ ದಕ್ಕದೇ ಹೋದದ್ದು ಯುರೋಪಿಯನ್ ಕಪ್ ಮಾತ್ರ. 1973ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಯಾಕ್ಸ್ ವಿರುದ್ಧ, 1983ರಲ್ಲಿ ಅಥೆನ್ಸ್‌ನಲ್ಲಿ ಹ್ಯಾಂಬರ್ಗ್ ವಿರುದ್ಧ ಎರಡು ಅಂತಿಮ ಪಂದ್ಯಗಳನ್ನು ಯುವೆಂಟಸ್ 1–0 ಅಂತರದಲ್ಲಿ ಕಳೆದುಕೊಂಡಿತು. ಅಥೆನ್ಸ್‌ನಲ್ಲಿ ಫೆಲಿಕ್ಸ್ ಮಾಗತ್ ದೂರದಿಂದ ಒದ್ದ ಚೆಂಡು 41 ವರ್ಷದ ಜೋಫ್‌ರನ್ನು ದಾಟಿ ಬಲೆ ಸೇರಿತು.

ಆಟದ ಶೈಲಿ

ಜೋಫ್‌ರ ಆಟದಲ್ಲಿ ಪ್ರದರ್ಶನದ ಅಂಶ ಇರಲಿಲ್ಲ. ಚೆಂಡು ಬರುವ ಜಾಗವನ್ನು ಮೊದಲೇ ಲೆಕ್ಕಹಾಕಿ ಅಲ್ಲಿ ನಿಂತಿರುವುದು ಅವರ ವಿಧಾನ. ಸರಿಯಾದ ಜಾಗದಲ್ಲಿ ನಿಂತ ಗೋಲ್‌ಕೀಪರ್ ದೊಡ್ಡ ಜಿಗಿತಗಳನ್ನು ಮಾಡಬೇಕಾಗುವುದಿಲ್ಲ. ಆದ್ದರಿಂದ ಅವನ ಅತ್ಯುತ್ತಮ ರಕ್ಷಣೆಗಳು ನೋಡುಗರಿಗೆ ಸುಲಭದವೆಂದೇ ಕಾಣುತ್ತವೆ. ಸಾಧ್ಯವಿದ್ದಾಗಲೆಲ್ಲ ಚೆಂಡನ್ನು ಮುಷ್ಟಿಯಿಂದ ಗುದ್ದದೆ ಎರಡೂ ಕೈಗಳಲ್ಲಿ ಹಿಡಿಯುತ್ತಿದ್ದರು. ರಕ್ಷಣಾ ಆಟಗಾರರನ್ನು ಕೂಗಿ ಗದರಿಸುವ ಅಭ್ಯಾಸವೂ ಅವರಿಗೆ ಕಡಿಮೆ. ಯುವೆಂಟಸ್ ಮತ್ತು ಇಟಲಿ ತಂಡಗಳೆರಡರಲ್ಲಿಯೂ ಅವರ ಮುಂದೆ ಆಡುತ್ತಿದ್ದ ಗೇಟಾನೊ ಶಿರೇಯಾ, ಕ್ಲಾಡಿಯೊ ಜೆಂಟೀಲೆ, ಅಂಟೋನಿಯೊ ಕಬ್ರಿನಿ ಅವರ ಸಾಲು ಆ ಕಾಲದ ಅತ್ಯಂತ ಗಟ್ಟಿ ರಕ್ಷಣೆಗಳಲ್ಲೊಂದು. ಇವರಲ್ಲಿ ಶಿರೇಯಾ ಸ್ವಭಾವದಲ್ಲಿಯೂ ಜೋಫ್‌ರಂತೆಯೇ ಮೌನಿ, ಅವರ ಆಪ್ತ ಸ್ನೇಹಿತ.

ರಾಷ್ಟ್ರೀಯ ತಂಡದಲ್ಲಿ

ಜೋಫ್ ಇಟಲಿ ಪರ ಮೊದಲು ಆಡಿದ್ದು ಏಪ್ರಿಲ್ 20, 1968ರಂದು ನೇಪಲ್ಸ್‌ನಲ್ಲಿ, ಬಲ್ಗೇರಿಯಾ ವಿರುದ್ಧದ ಯುರೋಪಿಯನ್ ಚಾಂಪಿಯನ್‌ಷಿಪ್ ಕ್ವಾರ್ಟರ್ ಫೈನಲ್‌ನ ಎರಡನೆಯ ಪಂದ್ಯದಲ್ಲಿ. ಏಳು ವಾರಗಳ ನಂತರ ಅವರು ಯುರೋಪಿನ ಚಾಂಪಿಯನ್ ಆಗಿದ್ದರು. ಸೋವಿಯತ್ ಒಕ್ಕೂಟದ ವಿರುದ್ಧದ ಸೆಮಿಫೈನಲ್ ಗೋಲಿಲ್ಲದೆ ಮುಗಿದಾಗ ವಿಜೇತರನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಯಿತು. ಯುಗೊಸ್ಲಾವಿಯಾ ವಿರುದ್ಧದ ಅಂತಿಮ ಪಂದ್ಯ 1–1ರಲ್ಲಿ ಸಮವಾಗಿ, ಮರುಪಂದ್ಯದಲ್ಲಿ ಇಟಲಿ 2–0ರಿಂದ ಗೆದ್ದಿತು. ಆದರೂ 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಎನ್ರಿಕೊ ಆಲ್ಬರ್ಟೋಸಿ ಮೊದಲ ಆಯ್ಕೆಯಾದರು. ಜೋಫ್ ಮೀಸಲು ಆಟಗಾರರಾಗಿಯೇ ಉಳಿದರು.

ಸೆಪ್ಟೆಂಬರ್ 1972ರಿಂದ ಜೂನ್ 1974ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರು ಸತತ 1142 ನಿಮಿಷ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಬ್ರೆಜಿಲ್ ಮೇಲಿನ 2–0 ಗೆಲುವು, ನವೆಂಬರ್ 1973ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮೇಲೆ ಸಾಧಿಸಿದ 1–0 ಗೆಲುವು ಈ ಅವಧಿಗೆ ಸೇರಿದವು. ಈ ಸರಣಿಯನ್ನು ಮುರಿದದ್ದು ಯಾವುದೇ ಬಲಾಢ್ಯ ತಂಡವಲ್ಲ. ಜೂನ್ 15, 1974ರಂದು ಮ್ಯೂನಿಕ್‌ನಲ್ಲಿ, ಮೊದಲ ಬಾರಿಗೆ ವಿಶ್ವಕಪ್ ಆಡುತ್ತಿದ್ದ ಹೈಟಿಯ ಎಮ್ಯಾನ್ಯುಯೆಲ್ ಸಾನೊನ್ ವಿರಾಮದ ಬೆನ್ನಲ್ಲೇ ಜೋಫ್‌ರನ್ನು ದಾಟಿ ಚೆಂಡನ್ನು ಬಲೆಗೆ ಸೇರಿಸಿದರು. ಇಟಲಿ ಆ ಪಂದ್ಯವನ್ನು 3–1ರಿಂದ ಗೆದ್ದರೂ ಮೊದಲ ಸುತ್ತಿನಲ್ಲಿಯೇ ಹೊರಬಿತ್ತು. ಹೈಟಿಯಲ್ಲಿ ಆ ಒಂದು ಗೋಲು ಇಂದಿಗೂ ನೆನಪಿನಲ್ಲಿದೆ.

1978: ದೂರದ ಹೊಡೆತಗಳು

ಅರ್ಜೆಂಟೀನಾದಲ್ಲಿ ನಡೆದ 1978ರ ವಿಶ್ವಕಪ್‌ನಲ್ಲಿ 36 ವರ್ಷದ ಜೋಫ್ ನಾಯಕರಾಗಿದ್ದರು. ಎಂಜೊ ಬೇರ್ಜೋಟ್ ಅವರ ತರಬೇತಿಯ ತಂಡ ಆತಿಥೇಯರನ್ನೂ ಮಣಿಸಿ ಮುನ್ನಡೆಯಿತು. ನೆದರ್ಲೆಂಡ್ಸ್ ವಿರುದ್ಧ ಗೆದ್ದಿದ್ದರೆ ಅಂತಿಮ ಪಂದ್ಯ ಖಚಿತವಾಗಿತ್ತು, ಇಟಲಿ ಮುನ್ನಡೆಯನ್ನೂ ಪಡೆದಿತ್ತು. ಆಗ ಎರ್ನಿ ಬ್ರಾಂಟ್ಸ್ ಪೆನಾಲ್ಟಿ ಆವರಣದ ಅಂಚಿನಿಂದ, ಆರಿ ಹಾನ್ ಅದಕ್ಕಿಂತ ಬಹಳ ದೂರದಿಂದ ಗೋಲು ಹೊಡೆದರು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್‌ನ ನೆಲಿನ್ಯೊ ಮತ್ತು ದಿರ್ಸೆಯು ಕೂಡ ದೂರದಿಂದಲೇ ಜೋಫ್‌ರನ್ನು ಮಣಿಸಿದರು. ನೆಲಿನ್ಯೊ ಬಲ ಅಂಚಿನಿಂದ ಹೊಡೆದ ಚೆಂಡು ಗಾಳಿಯಲ್ಲಿ ಹೊರಕ್ಕೆ ಹೋಗುವಂತೆ ತೋರಿ ಮತ್ತೆ ಒಳಕ್ಕೆ ತಿರುಗಿದ ಅಪೂರ್ವ ಹೊಡೆತ.

ಎರಡು ಪಂದ್ಯ, ನಾಲ್ಕು ದೂರದ ಗೋಲು. ನಾಲ್ಕನೆಯ ಸ್ಥಾನದೊಂದಿಗೆ ಮರಳಿದ ತಂಡದಲ್ಲಿ ಇಟಲಿಯ ಪತ್ರಿಕೆಗಳಿಗೆ ಒಬ್ಬ ಅಪರಾಧಿ ಸಿಕ್ಕಿದ್ದರು. ಜೋಫ್‌ರ ಕಣ್ಣು ಮಂದವಾಗಿದೆ, ವಯಸ್ಸು ಮೀರಿದೆ ಎಂಬ ಮಾತು ಎಲ್ಲೆಡೆ ಕೇಳಿಬಂತು. ಅವುಗಳಲ್ಲಿ ಒಂದೆರಡು ಗೋಲುಗಳಿಗೆ ಗೋಲ್‌ಕೀಪರ್ ಹೊಣೆಯೆಂದು ವಾದಿಸಬಹುದು. ನಾಲ್ಕಕ್ಕೂ ಹೊಣೆಯೆಂಬುದು ಚಿತ್ರಮುದ್ರಿಕೆಗಳನ್ನು ನೋಡಿದವರಿಗೆ ಒಪ್ಪುವುದು ಕಷ್ಟ. ತಮ್ಮಂತೆಯೇ ಫ್ರಿಯೂಲಿಯವರಾದ ಜೋಫ್‌ರನ್ನು ಬೇರ್ಜೋಟ್ ಕೈಬಿಡಲಿಲ್ಲ. ಎರಡು ವರ್ಷಗಳ ನಂತರ ಇಟಲಿಯಲ್ಲಿಯೇ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಮೂರು ಗುಂಪು ಪಂದ್ಯಗಳಲ್ಲಿ ಜೋಫ್ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

1982ರ ವಿಶ್ವಕಪ್

ಸ್ಪೇನ್‌ನಲ್ಲಿ ಇಟಲಿಯ ಆರಂಭ ನೀರಸವಾಗಿತ್ತು. ಪೋಲೆಂಡ್, ಪೆರು, ಕ್ಯಾಮರೂನ್ ವಿರುದ್ಧದ ಮೂರೂ ಪಂದ್ಯಗಳು ಸಮವಾದವು. ಕ್ಯಾಮರೂನ್‌ಗಿಂತ ಒಂದು ಗೋಲು ಹೆಚ್ಚು ಹೊಡೆದಿದ್ದ ಕಾರಣಕ್ಕೆ ಮಾತ್ರ ತಂಡ ಮುಂದಿನ ಸುತ್ತು ಸೇರಿತು. ಪತ್ರಿಕೆಗಳ ಟೀಕೆ ಆಟವನ್ನು ದಾಟಿ ಆಟಗಾರರ ಖಾಸಗಿ ಬದುಕನ್ನು ತಲುಪಿದಾಗ ತಂಡ ಪತ್ರಕರ್ತರೊಡನೆ ಮಾತು ನಿಲ್ಲಿಸಿತು. ತಂಡದ ಪರವಾಗಿ ನಾಯಕರೊಬ್ಬರೇ ಮಾತನಾಡುವರೆಂದು ತೀರ್ಮಾನವಾಯಿತು. ತಂಡದಲ್ಲಿಯೇ ಅತಿ ಕಡಿಮೆ ಮಾತನಾಡುವ ವ್ಯಕ್ತಿ ಹೀಗೆ ಅದರ ಏಕೈಕ ವಕ್ತಾರರಾದರು.

ಎರಡನೆಯ ಸುತ್ತಿನಲ್ಲಿ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿದ ಇಟಲಿ ಜುಲೈ 5ರಂದು ಬಾರ್ಸಿಲೋನಾದ ಸಾರಿಯಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ತಂಡವನ್ನು ಎದುರಿಸಿತು. ಸೆಮಿಫೈನಲ್ ತಲುಪಲು ಬ್ರೆಜಿಲ್‌ಗೆ ಸಮಬಲ ಸಾಕಿತ್ತು, ಇಟಲಿ ಗೆಲ್ಲಲೇಬೇಕಿತ್ತು. ಪಾವ್ಲೊ ರೋಸಿ ಮೂರು ಗೋಲು ಹೊಡೆದರು, ಸಾಕ್ರಟೀಸ್ ಮತ್ತು ಫಾಲ್ಕಾವ್ ಎರಡು ಬಾರಿ ಸಮ ಮಾಡಿದರು. 3–2ರ ಸ್ಥಿತಿಯಲ್ಲಿ ಪಂದ್ಯ ಮುಗಿಯಲು ನಿಮಿಷಗಳಷ್ಟೇ ಇದ್ದಾಗ ಬ್ರೆಜಿಲ್‌ನ ರಕ್ಷಣಾ ಆಟಗಾರ ಆಸ್ಕರ್ ಫ್ರೀ ಕಿಕ್‌ನಿಂದ ಬಂದ ಚೆಂಡನ್ನು ತಲೆಯಿಂದ ಕೆಳಮುಖವಾಗಿ ಗೋಲಿನತ್ತ ಹೊಡೆದರು. ಜೋಫ್ ಎಡಕ್ಕೆ ಬಿದ್ದು ಚೆಂಡನ್ನು ಗೋಲು ಗೆರೆಯ ಮೇಲೆಯೇ ಹಿಡಿದು ನೆಲಕ್ಕೆ ಒತ್ತಿದರು. ಅದನ್ನು ಬದಿಗೆ ತಳ್ಳಿದ್ದರೆ ಎದುರಾಳಿಗಳು ಮತ್ತೊಮ್ಮೆ ಒದೆಯಬಹುದಿತ್ತು. ಹಿಡಿದ ಕೈ ಸ್ವಲ್ಪ ಹಿಂದಕ್ಕೆ ಸರಿದಿದ್ದರೂ ಚೆಂಡು ಗೆರೆ ದಾಟುತ್ತಿತ್ತು. ಬ್ರೆಜಿಲ್ ಆಟಗಾರರು ಗೋಲೆಂದು ಕೈ ಎತ್ತಿದರು. ರೆಫರಿ ಅಬ್ರಹಾಂ ಕ್ಲೈನ್ ಗೋಲು ನೀಡಲಿಲ್ಲ. ಗೋಲು ಗೆರೆಯ ತಂತ್ರಜ್ಞಾನವಾಗಲಿ, ವೀಡಿಯೊ ಪರಿಶೀಲನೆಯಾಗಲಿ ಇಲ್ಲದ ಕಾಲದಲ್ಲಿ ಒಂದು ದೇಶದ ವಿಶ್ವಕಪ್ ಆ ಕೆಲವು ಸೆಂಟಿಮೀಟರುಗಳಲ್ಲಿ ನಿಂತಿತ್ತು. ನಾಲ್ಕು ವರ್ಷಗಳ ಹಿಂದೆ ಕಣ್ಣು ಮಂದವೆಂದು ಹೇಳಿಸಿಕೊಂಡವರ ರಕ್ಷಣೆ ಇದು.

ಸೆಮಿಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ 2–0, ಜುಲೈ 11ರಂದು ಮ್ಯಾಡ್ರಿಡ್‌ನ ಬೆರ್ನಾಬ್ಯೂ ಕ್ರೀಡಾಂಗಣದಲ್ಲಿ ಪಶ್ಚಿಮ ಜರ್ಮನಿ ವಿರುದ್ಧ 3–1 ಗೆಲುವಿನೊಂದಿಗೆ ಇಟಲಿ ಮೂರನೆಯ ಬಾರಿ ವಿಶ್ವಕಪ್ ಪಡೆಯಿತು. 1934ರಲ್ಲಿ ಜಾಂಪಿಯೆರೊ ಕೊಂಬಿ ಗೋಲ್‌ಕೀಪರ್ ಹಾಗೂ ನಾಯಕರಾಗಿ ಕಪ್ ಗೆದ್ದಿದ್ದರು, ಅವರೂ ಯುವೆಂಟಸ್‌ನವರೇ. ಕಪ್ ಎತ್ತಿ ಹಿಡಿದ ಜೋಫ್‌ರ ಎರಡು ಕೈಗಳನ್ನು ಚಿತ್ರಕಾರ ರೆನಾಟೊ ಗುಟ್ಟೂಸೊ ಇಟಲಿಯ ಅಂಚೆಚೀಟಿಗಾಗಿ ಚಿತ್ರಿಸಿದರು. ತವರಿಗೆ ಮರಳುವ ವಿಮಾನದಲ್ಲಿ ರಾಷ್ಟ್ರಾಧ್ಯಕ್ಷ ಸಾಂಡ್ರೊ ಪೆರ್ತಿನಿ ಮತ್ತು ಜೋಫ್ ಒಂದು ಜೋಡಿಯಾಗಿ, ಬೇರ್ಜೋಟ್ ಮತ್ತು ಫ್ರಾಂಕೊ ಕೌಸಿಯೊ ಇನ್ನೊಂದು ಜೋಡಿಯಾಗಿ ಇಸ್ಪೀಟು ಆಡುತ್ತಿರುವ ಛಾಯಾಚಿತ್ರ ಆ ಗೆಲುವಿನಷ್ಟೇ ಪ್ರಸಿದ್ಧ.

ಮೇ 29, 1983ರಂದು ಸ್ವೀಡನ್ ವಿರುದ್ಧ ಜೋಫ್ ತಮ್ಮ 112ನೆಯ ಮತ್ತು ಕೊನೆಯ ಅಂತರರಾಷ್ಟ್ರೀಯ ಪಂದ್ಯ ಆಡಿದರು. ಅವುಗಳಲ್ಲಿ 59ರಲ್ಲಿ ಅವರು ನಾಯಕರಾಗಿದ್ದರು.

ತರಬೇತುದಾರರಾಗಿ

ನಿವೃತ್ತಿಯ ನಂತರ ಯುವೆಂಟಸ್‌ನಲ್ಲಿ ಗೋಲ್‌ಕೀಪರ್‌ಗಳ ತರಬೇತಿ ನೋಡಿಕೊಂಡ ಜೋಫ್, ಇಟಲಿಯ ಒಲಿಂಪಿಕ್ ತಂಡವನ್ನು 1988ರ ಸೋಲ್ ಕ್ರೀಡಾಕೂಟಕ್ಕೆ ಅರ್ಹಗೊಳಿಸಿದರು. ಕೂಟ ಆರಂಭವಾಗುವ ಮೊದಲೇ ಯುವೆಂಟಸ್ ಅವರನ್ನು ಮುಖ್ಯ ತರಬೇತುದಾರರಾಗಿ ಕರೆಸಿಕೊಂಡಿತು. ಹಳೆಯ ಜೊತೆಗಾರ ಶಿರೇಯಾ ಅವರ ಸಹಾಯಕರಾದರು.

ಸೆಪ್ಟೆಂಬರ್ 3, 1989ರಂದು ಶಿರೇಯಾ ಪೋಲೆಂಡ್‌ನಲ್ಲಿ ಕಾರು ಅಪಘಾತದಲ್ಲಿ ಮೃತಪಟ್ಟರು. ಯುಇಎಫ್‌ಎ ಕಪ್‌ನಲ್ಲಿ ಯುವೆಂಟಸ್‌ಗೆ ಎದುರಾಗಲಿದ್ದ ಗುರ್ನಿಕ್ ಜಾಬ್ಜೆ ತಂಡದ ಆಟವನ್ನು ಗಮನಿಸಲು ಅವರು ಅಲ್ಲಿಗೆ ಹೋಗಿದ್ದರು. ಆಗ ಅವರಿಗೆ 36 ವರ್ಷ. ಆ ಋತುವಿನಲ್ಲಿ ಜೋಫ್‌ರ ತಂಡ ಅದೇ ಯುಇಎಫ್‌ಎ ಕಪ್ಪನ್ನು ಫಿಯೊರೆಂಟೀನಾ ವಿರುದ್ಧ, ಇಟಲಿ ಕಪ್ಪನ್ನು ಎ.ಸಿ. ಮಿಲಾನ್ ವಿರುದ್ಧ ಗೆದ್ದಿತು. ಆದರೂ ಕ್ಲಬ್ ಅವರನ್ನು ಮುಂದುವರಿಸಲಿಲ್ಲ. ಅರಿಗೊ ಸಾಕಿಯ ಮಿಲಾನ್ ತಂಡದ ಆಕ್ರಮಣಕಾರಿ ಶೈಲಿ ಇಟಲಿಯನ್ನು ಆವರಿಸಿದ್ದ ಆ ದಿನಗಳಲ್ಲಿ ಯುವೆಂಟಸ್‌ಗೆ ಹೊಸ ಮಾದರಿ ಬೇಕಿತ್ತು. ಜೋಫ್‌ರ ಸ್ಥಾನಕ್ಕೆ ಲುಯಿಜಿ ಮೈಫ್ರೆದಿ ಬಂದರು. ಮುಂದಿನ ಋತುವಿನಲ್ಲಿ ತಂಡ ಲೀಗ್‌ನಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು.

ಜೋಫ್ 1990ರಲ್ಲಿ ರೋಮ್‌ನ ಲಾಜಿಯೊ ಸೇರಿ ನಾಲ್ಕು ವರ್ಷ ತರಬೇತಿ ನೀಡಿದರು. ತಂಡ 1993ರಲ್ಲಿ ಐದನೆಯ, 1994ರಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಪಾಲ್ ಗ್ಯಾಸ್ಕೊಯಿನ್‌ನಂತಹ ತುಂಟ ಪ್ರತಿಭೆಯನ್ನು ಈ ಮೌನಿ ತರಬೇತುದಾರರು ನಿಭಾಯಿಸಿದ್ದು, ಅಲೆಸ್ಸಾಂಡ್ರೊ ನೆಸ್ತಾ ಮೊದಲ ಬಾರಿಗೆ ಸೀರಿ ಎ ಆಡಿದ್ದು ಇದೇ ಅವಧಿಯಲ್ಲಿ. 1994ರಲ್ಲಿ ಅವರು ಕ್ಲಬ್‌ನ ಅಧ್ಯಕ್ಷರಾದರು. 1997ರಲ್ಲಿ ಜ್ಡೆನೆಕ್ ಜೆಮಾನ್ ವಜಾಗೊಂಡಾಗ ಋತುವಿನ ಉಳಿದ ಭಾಗಕ್ಕೆ ತಾವೇ ತರಬೇತಿ ವಹಿಸಿಕೊಂಡರು.

ಯುರೋ 2000

1998ರ ವಿಶ್ವಕಪ್‌ನ ನಂತರ ಚೆಸಾರೆ ಮಾಲ್ದಿನಿ ತೆರವುಗೊಳಿಸಿದ ರಾಷ್ಟ್ರೀಯ ತಂಡದ ಹೊಣೆ ಜೋಫ್‌ರಿಗೆ ಬಂತು. ಯುರೋ 2000ಕ್ಕೆ ಅರ್ಹತೆ ದೊರೆತರೂ ತಂಡದ ಮೇಲೆ ಹೆಚ್ಚಿನ ನಿರೀಕ್ಷೆ ಇರಲಿಲ್ಲ. ಮುಂಚೂಣಿ ಆಟಗಾರ ಕ್ರಿಸ್ಟಿಯನ್ ವಿಯೆರಿ ಗಾಯಗೊಂಡಿದ್ದರು. ಪಂದ್ಯಾವಳಿಯ ಮುನ್ನಾದಿನಗಳಲ್ಲಿ ಗೋಲ್‌ಕೀಪರ್ ಜಾನ್‌ಲುಯಿಜಿ ಬುಫೋನ್ ಅವರ ಕೈಮೂಳೆ ಮುರಿಯಿತು. ಆ ಜಾಗಕ್ಕೆ ಫ್ರಾನ್ಸೆಸ್ಕೊ ಟೋಲ್ಡೊ ಬಂದರು.

ಟರ್ಕಿ, ಬೆಲ್ಜಿಯಂ, ಸ್ವೀಡನ್ ಮೂರನ್ನೂ ಗುಂಪು ಹಂತದಲ್ಲಿ ಸೋಲಿಸಿದ ಇಟಲಿ ಕ್ವಾರ್ಟರ್ ಫೈನಲ್‌ನಲ್ಲಿ ರೊಮೇನಿಯಾವನ್ನು ಮಣಿಸಿತು. ಜೂನ್ 29ರಂದು ಆಮ್ಸ್ಟರ್‌ಡಾಮ್‌ನಲ್ಲಿ ಆತಿಥೇಯ ನೆದರ್ಲೆಂಡ್ಸ್ ವಿರುದ್ಧ ನಡೆದ ಸೆಮಿಫೈನಲ್ ರಕ್ಷಣಾತ್ಮಕ ಆಟದ ಚರಿತ್ರೆಯಲ್ಲಿ ವಿಶೇಷವಾದುದು. 34ನೆಯ ನಿಮಿಷದಲ್ಲಿ ಜಾನ್‌ಲೂಕಾ ಜಂಬ್ರೊಟ್ಟಾ ಕೆಂಪು ಚೀಟಿ ಪಡೆದು ಹೊರನಡೆದರು. ಉಳಿದ ಹತ್ತು ಜನ, ಹೆಚ್ಚುವರಿ ಸಮಯವೂ ಸೇರಿ ಎಂಬತ್ತಕ್ಕೂ ಹೆಚ್ಚು ನಿಮಿಷ, ಹಿಂದಿನ ಪಂದ್ಯದಲ್ಲಿ ಆರು ಗೋಲು ಹೊಡೆದಿದ್ದ ಎದುರಾಳಿಯನ್ನು ತಡೆದರು. ನೆದರ್ಲೆಂಡ್ಸ್‌ಗೆ ದೊರೆತ ಎರಡು ಪೆನಾಲ್ಟಿಗಳಲ್ಲಿ ಫ್ರಾಂಕ್ ಡಿ ಬೋರ್ ಅವರದನ್ನು ಟೋಲ್ಡೊ ತಡೆದರು. ಪ್ಯಾಟ್ರಿಕ್ ಕ್ಲೈವರ್ಟ್ ಅವರದು ಕಂಬಕ್ಕೆ ಬಡಿಯಿತು. ನಿರ್ಣಾಯಕ ಪೆನಾಲ್ಟಿ ಸರದಿಯಲ್ಲಿ ಟೋಲ್ಡೊ ಇನ್ನೆರಡನ್ನು ತಡೆದು ಇಟಲಿ 3–1ರಿಂದ ಗೆದ್ದಿತು.

ಜುಲೈ 2ರಂದು ರಾಟರ್‌ಡ್ಯಾಮ್‌ನಲ್ಲಿ ವಿಶ್ವ ಚಾಂಪಿಯನ್ ಫ್ರಾನ್ಸ್ ವಿರುದ್ಧ ಮಾರ್ಕೊ ಡೆಲ್‌ವೆಕ್ಕಿಯೊ 55ನೆಯ ನಿಮಿಷದಲ್ಲಿ ಇಟಲಿಗೆ ಮುನ್ನಡೆ ತಂದರು. ಬದಲಿ ಆಟಗಾರರಾಗಿ ಬಂದ ಅಲೆಸ್ಸಾಂಡ್ರೊ ಡೆಲ್ ಪಿಯೆರೊಗೆ ಅದನ್ನು ಎರಡಾಗಿಸಲು ಎರಡು ಸ್ಪಷ್ಟ ಅವಕಾಶ ಸಿಕ್ಕವು, ಎರಡೂ ವ್ಯರ್ಥವಾದವು. ತೊಂಬತ್ತು ನಿಮಿಷ ಮುಗಿದು ಸೇರಿಸಿದ ಸಮಯದ ಕೊನೆಯ ಕ್ಷಣಗಳಲ್ಲಿ ಇಟಲಿಯ ಆಟಗಾರರು ಸಂಭ್ರಮಕ್ಕೆ ಗೆರೆಯ ಪಕ್ಕದಲ್ಲಿ ಸಿದ್ಧರಾಗಿದ್ದಾಗ ಸಿಲ್ವಾನ್ ವಿಲ್ಟೋರ್ ಸಮಗೊಳಿಸಿದರು. ಆಗ ಜಾರಿಯಲ್ಲಿದ್ದ 'ಗೋಲ್ಡನ್ ಗೋಲ್' ನಿಯಮದ ಪ್ರಕಾರ ಹೆಚ್ಚುವರಿ ಸಮಯದಲ್ಲಿ ಮೊದಲ ಗೋಲು ಬಿದ್ದೊಡನೆ ಪಂದ್ಯ ಮುಗಿಯುತ್ತಿತ್ತು. 103ನೆಯ ನಿಮಿಷದಲ್ಲಿ ಡೇವಿಡ್ ಟ್ರೆಜೆಗೆ ಆ ಗೋಲು ಹೊಡೆದರು. ತಿರುಗಿ ಆಡಲು ಇಟಲಿಗೆ ಸಮಯವೇ ಉಳಿಯಲಿಲ್ಲ.

ರಾಜೀನಾಮೆ

ಪಂದ್ಯದ ಮರುದಿನ ಸಿಲ್ವಿಯೊ ಬೆರ್ಲುಸ್ಕೋನಿ ಜೋಫ್‌ರನ್ನು ಬಹಿರಂಗವಾಗಿ ಟೀಕಿಸಿದರು. ಆಗ ವಿರೋಧ ಪಕ್ಷದ ನಾಯಕರೂ ಎ.ಸಿ. ಮಿಲಾನ್ ಕ್ಲಬ್‌ನ ಒಡೆಯರೂ ಆಗಿದ್ದ ಅವರ ಆಕ್ಷೇಪ ಜಿನೆದಿನ್ ಜಿದಾನ್‌ಗೆ ಸಂಬಂಧಿಸಿದ್ದು: ಜಿದಾನ್ ಬೆನ್ನಿಗೆ ಒಬ್ಬ ಆಟಗಾರನನ್ನು ಕಾವಲಿಡಬೇಕೆಂಬುದು ಹವ್ಯಾಸಿ ತರಬೇತುದಾರನಿಗೂ ಹೊಳೆಯುವ ಸಂಗತಿ ಎಂಬ ಧಾಟಿಯಲ್ಲಿ ಅವರು ಮಾತನಾಡಿದರು. ಟೀಕೆಯಲ್ಲಿ ಆಟದ ವಿಶ್ಲೇಷಣೆಗಿಂತ ವ್ಯಕ್ತಿಯ ಅವಹೇಳನವೇ ಹೆಚ್ಚಾಗಿತ್ತು.

ಜುಲೈ 4ರಂದು ಜೋಫ್ ರಾಜೀನಾಮೆ ಪ್ರಕಟಿಸಿದರು. ಸೋಲಿಗಾಗಿ ಅಲ್ಲ, ತಮ್ಮ ಕೆಲಸಕ್ಕೆ ಗೌರವ ಸಿಗದ ಕಾರಣ ಹೋಗುತ್ತಿರುವುದಾಗಿ ತಿಳಿಸಿದರು. ಘನತೆಯ ಪಾಠವನ್ನು ಬೆರ್ಲುಸ್ಕೋನಿಯವರಿಂದ ಕಲಿಯಬೇಕಿಲ್ಲವೆಂದೂ ಹೇಳಿದರು. ಅಷ್ಟಕ್ಕೆ ಹುದ್ದೆ ಬಿಡಬೇಕಿತ್ತೇ ಎಂಬುದು ಅಂದು ಚರ್ಚೆಯಾದ ಪ್ರಶ್ನೆ. ಅಂತಿಮ ಪಂದ್ಯ ತಲುಪಿಸಿದ ತರಬೇತುದಾರರಾಗಿ ಅವರು ಮುಂದುವರಿಯಲು ಅಡ್ಡಿಯೇನಿರಲಿಲ್ಲ. 2002ರ ವಿಶ್ವಕಪ್ ಎರಡೇ ವರ್ಷ ದೂರವಿತ್ತು. ಯುವೆಂಟಸ್‌ನಲ್ಲಿ ಹಿಂದೆ ಜೋಫ್‌ರ ತರಬೇತುದಾರರಾಗಿದ್ದ ಜೊವಾನಿ ಟ್ರಾಪಟೋನಿ ಅವರ ಉತ್ತರಾಧಿಕಾರಿಯಾದರು. ಅದೇ ವರ್ಷ 'ವರ್ಲ್ಡ್ ಸಾಕರ್' ಪತ್ರಿಕೆ ಜೋಫ್‌ರನ್ನು ವರ್ಷದ ತರಬೇತುದಾರರೆಂದು ಆರಿಸಿತು.

ನಂತರದ ವರ್ಷಗಳು ಮತ್ತು ದಾಖಲೆಗಳು

ಸ್ವೆನ್ ಗೊರಾನ್ ಎರಿಕ್‌ಸನ್ ಇಂಗ್ಲೆಂಡ್ ತಂಡಕ್ಕೆ ತೆರಳಿದಾಗ, ಜನವರಿ 2001ರಲ್ಲಿ, ಜೋಫ್ ಮತ್ತೆ ಲಾಜಿಯೊ ತರಬೇತುದಾರರಾಗಿ ತಂಡವನ್ನು ಮೂರನೆಯ ಸ್ಥಾನಕ್ಕೆ ತಂದರು. ಮುಂದಿನ ಋತುವಿನ ಆರಂಭದಲ್ಲಿಯೇ ಹುದ್ದೆ ಕೊನೆಗೊಂಡಿತು. 2005ರಲ್ಲಿ ಫಿಯೊರೆಂಟೀನಾ ಕೆಳ ದರ್ಜೆಗೆ ಇಳಿಯುವ ಅಂಚಿನಲ್ಲಿದ್ದಾಗ ಅವರನ್ನು ಕರೆಸಲಾಯಿತು. ಬೊಲೋನಾ ಮತ್ತು ಪಾರ್ಮಾ ತಂಡಗಳಷ್ಟೇ ಅಂಕ ಗಳಿಸಿದರೂ ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಮುಂದಿದ್ದ ಫಿಯೊರೆಂಟೀನಾ ಕೊನೆಯ ದಿನ ಪಾರಾಯಿತು. ಅದು ತರಬೇತುದಾರರಾಗಿ ಅವರ ಕೊನೆಯ ಕೆಲಸ. ಅವರ ಆತ್ಮಕಥೆ 2014ರಲ್ಲಿ ಪ್ರಕಟವಾಯಿತು.

2004ರಲ್ಲಿ ಯುಇಎಫ್‌ಎ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಇಟಲಿಯ ಫುಟ್‌ಬಾಲ್ ಒಕ್ಕೂಟ ಹಿಂದಿನ ಐವತ್ತು ವರ್ಷಗಳ ತನ್ನ ಶ್ರೇಷ್ಠ ಆಟಗಾರರಾಗಿ ಜೋಫ್‌ರನ್ನು ಹೆಸರಿಸಿತು. ಅವರ 570 ಸೀರಿ ಎ ಪಂದ್ಯಗಳ ಮತ್ತು 112 ಅಂತರರಾಷ್ಟ್ರೀಯ ಪಂದ್ಯಗಳ ದಾಖಲೆಗಳೆರಡನ್ನೂ ಪಾವ್ಲೊ ಮಾಲ್ದಿನಿ ಮುಂದೆ ದಾಟಿದರು. 2021ರಲ್ಲಿ ಇಟಲಿ ತಂಡ 1168 ನಿಮಿಷ ಗೋಲು ಬಿಟ್ಟುಕೊಡದೆ 1970ರ ದಶಕದ ತಂಡದ ಅವಧಿಯನ್ನು ಮೀರಿತು. ಆ ಅವಧಿಯಲ್ಲಿ ಗೋಲು ಕಾದವರು ಒಬ್ಬರಿಗಿಂತ ಹೆಚ್ಚು ಮಂದಿ. ಒಬ್ಬ ಗೋಲ್‌ಕೀಪರ್‌ನ ಲೆಕ್ಕದಲ್ಲಿ 1142 ನಿಮಿಷಗಳ ದಾಖಲೆ ಜೋಫ್‌ರ ಹೆಸರಿನಲ್ಲಿಯೇ ಇದೆ.